ಸಂಜೀವಣ್ಣನ ಹದಿನೆಂಟು ಗಿರಾಕಿಗಳು

ಇವತ್ತು ಭಾನುವಾರ. ಬೆಳಿಗ್ಗೆ ಬೋರಿವಲಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನೆಲಕ್ಕೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಪಕ್ಕದಲ್ಲಿಟ್ಟ ಫೋನು ಗುಂಯ್ ಎಂದಿತು. ಹೆಂಡತಿ ಬಗ್ಗಿ ನೋಡಿ, "ನಿಮ್ಮ ಡ್ರ್ಯಾಗನ್ ಮತ್ತೆ ಅಗ್ಗ ಆಗಿದೆ" ಎಂದಳು, ಟೊಮೆಟೊ ದರ ಇಳಿದ ಸುದ್ದಿ ಹೇಳುವ ದನಿಯಲ್ಲಿ. ನೋಡಿದರೆ ಹೌದು, ಒಂದು ವಿಡಿಯೋ ಗೇಮಿನ ಜಾಹೀರಾತು. ಭಾರೀ ರಿಯಾಯಿತಿ, ಇವತ್ತೊಂದೇ ದಿನ. ಐವತ್ತು ದಾಟಿದ, ಲೋಕಲ್ ರೈಲು ಹತ್ತುವಾಗ ಮೊಣಕಾಲು ಕಟಕಟ ಎನ್ನುವ ವಿಮಾ ಕಚೇರಿಯ ಗುಮಾಸ್ತನಿಗೆ ಇಂಥ ಸಂದೇಶ ಯಾಕೆ ಬರುತ್ತದೆ ಎಂದು ನೀವು ಕೇಳಬಹುದು. ನಾನು ಆ ಆಟವನ್ನು ಒಮ್ಮೆ ಗೆದ್ದವನು. ಗೆದ್ದ ಮೇಲೆ ವಾರಗಟ್ಟಲೆ ಒಬ್ಬರ ಮುಖ ನೋಡಲು ನಾಚಿ ಓಡಾಡಿದವನು. ಬೆಳ್ಳುಳ್ಳಿ ಇನ್ನೂ ತುಂಬ ಇದೆ, ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ.

ಮಾಟುಂಗದಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಂಘವಿದೆ. ಎರಡನೆಯ ಮಹಡಿಯಲ್ಲಿ ಒಂದು ಹಾಲು, ಅರವತ್ತು ಕುರ್ಚಿ, ಗೊರಗೊರ ಎನ್ನುವ ಒಂದು ಮೈಕು. ಕೂರಲು ಜನ ಹನ್ನೆರಡು. ಅದರ ಕಾರ್ಯದರ್ಶಿ ನಾನು. ಮಹಾಸಭೆಯಲ್ಲಿ ಯಾರೂ ಒಪ್ಪದಿದ್ದಾಗ ಬಚ್ಚಲಿಗೆ ಹೋಗಿದ್ದ ನನ್ನನ್ನು ಸರ್ವಾನುಮತದಿಂದ ಆರಿಸಿದ್ದರು. ತಿಂಗಳ ಕೊನೆಯ ಭಾನುವಾರ ‘ಓದಿದ್ದು ಅನಿಸಿದ್ದು’ ಎಂದು ಪುಸ್ತಕಗಳ ಬಗ್ಗೆ ಮಾತಾಡುವ ಕಾರ್ಯಕ್ರಮ ಇತ್ತು. ಎಳೆಯರು ಯಾರೂ ಬರುವುದಿಲ್ಲ ಎಂಬ ಕೊರಗು ಪ್ರತಿ ಸಭೆಯಲ್ಲೂ ಇರುತ್ತಿತ್ತು. ಒಮ್ಮೆ ಸಮಿತಿಯಲ್ಲಿ ಯಾರೋ, ಎಳೆಯರು ಪುಸ್ತಕ ಓದುವುದಿಲ್ಲ, ಗೇಮ್ ಆಡುತ್ತಾರೆ, ನಾವು ಗೇಮುಗಳ ಬಗ್ಗೆಯೇ ಅನಿಸಿಕೆ ಹೇಳುವ ಕಾರ್ಯಕ್ರಮ ಇಡೋಣ ಎಂದರು. ಹೆಸರು ಅಲ್ಲೇ ಸಿದ್ಧವಾಯಿತು: ‘ಆಡಿದ್ದು ಅನಿಸಿದ್ದು’.

ಮೊದಲ ಸಭೆಗೆ ಒಬ್ಬ ಯುವತಿ ಬಂದಳು. ನಮಗೆಲ್ಲ ಹಬ್ಬ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ ಇಷ್ಟಾಗುವಾಗ ಒಂದು ಗಂಟೆ ದಾಟಿತ್ತು. "ಅಂಕಲ್, ಗೇಮ್ ಕಬ್... ಮತ್ಲಬ್, ಯಾವಾಗ ಸ್ಟಾರ್ಟ್ ಆಗ್ತದೆ?" ಎಂದು ಅವಳು ಮೆಲ್ಲಗೆ ಕೇಳಿದಳು. ಅಧ್ಯಕ್ಷರ ಭಾಷಣದ ನಂತರ ಎಂದೆ. ಒಂದು ಫೋನ್ ಮಾಡಿ ಬರುತ್ತೇನೆಂದು ಹೊರಗೆ ಹೋದವಳು ಇನ್ನೂ ಬಂದಿಲ್ಲ. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ನಮ್ಮಲ್ಲಿ ಒಂದು ಕಾರ್ಯಕ್ರಮ ನಿಲ್ಲಿಸಬೇಕಾದರೆ ಅದಕ್ಕೆ ಬೇರೆಯೇ ಸಮಿತಿ ಬೇಕು. ಹೀಗೆ ಹನ್ನೆರಡು ಮಂದಿ ಹಿರಿಯರು, ಬಾರದ ಎಳೆಯರಿಗಾಗಿ, ಕನ್ನಡಕ ಏರಿಸಿಕೊಂಡು ಗೇಮ್ ಆಡತೊಡಗಿದೆವು.

ನಿಯಮ ಮಾಡಿದವನು ನಾನೇ. ರಿಯಾಯಿತಿಯಲ್ಲಿ ಸಿಕ್ಕಿದ ಆಟವನ್ನೇ ಕೊಳ್ಳಬೇಕು. ಕೊಂಡದ್ದನ್ನು ಪೂರ್ತಿ ಮುಗಿಸಿ ಅನಿಸಿಕೆ ಹೇಳದೆ ಇನ್ನೊಂದನ್ನು ಕೊಳ್ಳಬಾರದು. ಕೊಳ್ಳಲು ಹೋಗುತ್ತಿದ್ದದ್ದು ಗ್ರಾಂಟ್ ರೋಡಿನಲ್ಲಿ ಗೇಮ್ ಡಿಸ್ಕು ಮಾರುವ ದಸ್ತಗೀರ್ ಸಾಹೇಬರ ಅಂಗಡಿಗೆ. ವಿಜಯಪುರದ ಕಡೆಯವರು. ಎರಡು ಜನ ಒಟ್ಟಿಗೆ ನಿಂತರೆ ಮೂರನೆಯವನು ಫುಟ್‌ಪಾತಿಗೆ ಇಳಿಯಬೇಕಾದಷ್ಟು ಅಂಗಡಿ. ನಾನು ಹೊಸ ಡಿಸ್ಕಿನತ್ತ ಕೈ ಚಾಚಿದರೆ ಸಾಕು, "ಹೊಸಾದು ಯಾಕ ಬೇಕ್ರಿ ಸೆಕ್ರೆಟರಿ ಸಾಹೇಬ್ರ? ಬರೇ ಮ್ಯಾಲಿನ ಪ್ಲಾಸ್ಟಿಕ್ ಹರದದ್ದಕ್ಕ ಅರ್ಧ ರೇಟ್ ಇಳಿತೈತಿ. ಆಟದ ಒಳಗಿನ ಹುಲಿ ಏನ್ ಮುದಿ ಆಗಿರ್ತೈತೇನ್ರಿ?" ಎನ್ನುತ್ತಿದ್ದರು. ನಾನು ಹಳೆಯದನ್ನೇ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದೆ.

ಇಲ್ಲಿ ನನ್ನದೊಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಕೊಂಡ ಆಟಗಳಲ್ಲಿ ಒಂದನ್ನೂ ಆಡುತ್ತಿರಲಿಲ್ಲ. ಅಗ್ಗಕ್ಕೆ ಸಿಕ್ಕಿತು ಎಂಬ ಸಂತೋಷ ಅಂಗಡಿಯಿಂದ ಸ್ಟೇಷನ್ನಿನವರೆಗೆ ಇರುತ್ತಿತ್ತು. ರೈಲಿನಲ್ಲಿ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದೆ. ಬೋರಿವಲಿ ಬರುವಷ್ಟರಲ್ಲಿ ಅನಿಸಿಕೆ ತಯಾರು. "ಕತೆಯ ಮೊದಲಾರ್ಧ ಬಿಗಿಯಾಗಿದೆ, ಉತ್ತರಾರ್ಧದಲ್ಲಿ ಕೊಂಚ ಸಡಿಲ" ಎಂದರೆ ಯಾವ ಆಟಕ್ಕೂ ಹೊಂದುತ್ತದೆ. ಪುಸ್ತಕಗಳ ಕಾಲದಿಂದಲೂ ಇದೇ ಮಾತಿನಲ್ಲಿ ನನ್ನ ಬಂಡಿ ಸಾಗಿತ್ತು. ಮನೆಯ ಕಪಾಟಿನಲ್ಲಿ ಡಬ್ಬಿಗಳು ಸಾಲಾಗಿ ನಿಂತವು. "ವಾರಕ್ಕೊಮ್ಮೆ ಇವನ್ನು ತೆಗೆದು ಒರೆಸಿಡುವವಳು ನಾನು. ನಿಮಗಿಂತ ನಾನೇ ಹೆಚ್ಚು ಆಡಿದ ಹಾಗಾಯಿತು" ಎಂದು ಹೆಂಡತಿ ಹೇಳುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ.

ಸದಸ್ಯರಲ್ಲಿ ಪದ್ಮಾವತಿ ಟೀಚರ್ ಎಂಬವರಿದ್ದಾರೆ. ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರು ಕೊಳ್ಳುವುದು ಪತ್ತೇದಾರಿ ಆಟಗಳನ್ನು ಮಾತ್ರ. ಕೊಲೆಗಾರ ಯಾರೆಂದು ಅನಿಸಿಕೆಯಲ್ಲಿ ಹೇಳಬಾರದು ಎಂದು ನಾವೆಲ್ಲ ಕೈಮುಗಿದು ಕೇಳಿಕೊಂಡಿದ್ದೆವು, ಅವರೂ ಹೇಳುತ್ತಿರಲಿಲ್ಲ. ಆದರೆ ವಂದನಾರ್ಪಣೆ ಕೂಡ ಅವರದ್ದೇ. ಯಾರನ್ನೂ ಬಿಟ್ಟುಹೋಗಬಾರದು ಎಂಬುದು ಅವರ ನಲವತ್ತು ವರ್ಷದ ಶಿಸ್ತು. ಮೈಕಿನವರಿಗೆ, ಚಹಾ ತಂದವರಿಗೆ ವಂದಿಸಿದ ಮೇಲೆ, "ಕೊನೆಯವರೆಗೂ ಗುಟ್ಟು ಬಿಟ್ಟುಕೊಡದೆ ಕೊಲೆ ನಿರ್ವಹಿಸಿದ ತೋಟದ ಮಾಲಿಯವರಿಗೂ ನಮ್ಮ ಕೃತಜ್ಞತೆಗಳು" ಎಂದುಬಿಡುತ್ತಿದ್ದರು.

ಇನ್ನು ಸಂಜೀವಣ್ಣ. ಕಾಪುವಿನ ಕಡೆಯವರು, ಗ್ರಾಂಟ್ ರೋಡಿನ ಒಂದು ಉಡುಪಿ ಹೊಟೇಲಿನಲ್ಲಿ ಮೂವತ್ತೊಂದು ವರ್ಷ ಸಪ್ಲೈಯರ್ ಆಗಿದ್ದವರು. ಮೂರು ವರ್ಷದ ಹಿಂದೆ ತಂಗಿಯ ಹೊಸ ಮನೆಯ ಒಕ್ಕಲಿಗೆಂದು, ಅಂದರೆ ಗೃಹಪ್ರವೇಶಕ್ಕೆಂದು, ಹತ್ತು ದಿನ ಊರಿಗೆ ಹೋಗಿದ್ದರು. ತಿರುಗಿ ಬರುವಾಗ ಹೊಟೇಲು ಇರಲಿಲ್ಲ. ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದೆಂದು ಸುತ್ತ ನೀಲಿ ತಗಡು ಹೊಡೆದಿದ್ದರು. ಧಣಿಗಳು ಫೋನಿನಲ್ಲಿ ಒಳ್ಳೆಯ ಮಾತನ್ನೇ ಆಡಿದರು, ಕೊಡಬೇಕಾದ್ದನ್ನೆಲ್ಲ ಕೊಟ್ಟರು. ಸಂಜೀವಣ್ಣನಿಗೆ ಅದರ ಬಗ್ಗೆ ದೂರಿಲ್ಲ. "ಮುಚ್ಚಿದ್ದಕ್ಕೆ ಬೇಜಾರಿಲ್ಲ ಮಾರಾಯ್ರೆ. ಕೊನೆ ದಿನ ನಾನು ಇರ್ಲಿಲ್ಲ. ಕೊನೆಗೆ ಬಂದ ಗಿರಾಕಿಗೆ ನೀರಿಟ್ಟದ್ದು ಯಾರು, ಟೇಬಲ್ ಒರೆಸಿದ್ದು ಯಾರು, ಎಂತದೂ ಗೊತ್ತಿಲ್ಲ ನನಗೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ನಾನು ಕಿವಿಯಲ್ಲಿ ಕೇಳಿದೆ, ಅಷ್ಟೆ. ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಮನೆಯಲ್ಲಿ ಸುಮ್ಮನೆ ಕೂತವರನ್ನು ಸಂಘಕ್ಕೆ ಎಳೆದು ತಂದವನು ನಾನು. ದಸ್ತಗೀರ್ ಸಾಹೇಬರಲ್ಲಿ ಒಂದು ಹಳೆಯ ಯಂತ್ರ ಮತ್ತು ಒಂದು ಡಿಸ್ಕು ಕೊಡಿಸಿದೆವು. ಡಬ್ಬಿಯ ಮೇಲೆ ಬೆಂಕಿ ಕಾರುವ ಡ್ರ್ಯಾಗನ್ನು. ಆಟದ ಕತೆ ಇಷ್ಟೆ: ನಾಯಕ ಬೆಟ್ಟ ಹತ್ತಿ, ಊರ ಮೇಲೆ ಸುತ್ತುವ ಆ ಡ್ರ್ಯಾಗನ್ನನ್ನು ಕೊಲ್ಲಬೇಕು. ಹೋಗುವ ದಾರಿಯಲ್ಲಿ ಒಂದು ತಂಗುಮನೆ ಸಿಗುತ್ತದೆ. ಒಳಗೆ ಹದಿನೆಂಟು ಮಂದಿ ಮೇಜುಗಳ ಮುಂದೆ ಕೂತಿರುತ್ತಾರೆ. ಎಲ್ಲ ಆಟಗಾರರೂ ಅಲ್ಲಿ ಮಾಲೀಕನಿಂದ ಬೆಟ್ಟದ ದಾರಿ ಕೇಳಿಕೊಂಡು ಎರಡು ನಿಮಿಷದಲ್ಲಿ ಹೊರಬರುತ್ತಾರಂತೆ. ಸಂಜೀವಣ್ಣ ಎಂಟು ತಿಂಗಳು ಹೊರಬರಲಿಲ್ಲ.

"ಕೂತವರ ಮುಂದೆ ನೀರಿಲ್ಲ ಮಾರಾಯ್ರೆ. ಅದನ್ನು ನೋಡಿಕೊಂಡು ನಾನು ಮುಂದೆ ಹೋಗುವುದು ಹೇಗೆ?" ಎಂದು ಕೇಳಿದರು. ಆ ಆಟದಲ್ಲಿ ಕಣ್ಣಿಗೆ ಕಂಡ ಯಾವ ವಸ್ತುವನ್ನೂ ಎತ್ತಿ ಇನ್ನೊಂದು ಕಡೆ ಇಡಬಹುದು. ಮೂಲೆಯಲ್ಲಿ ಹೂಜಿ ಇತ್ತು, ಲೋಟಗಳಿದ್ದವು. ಒಂದೊಂದೇ ಲೋಟ ಹೊತ್ತು ಹದಿನೆಂಟು ಜನರ ಮುಂದೂ ಇಟ್ಟರು. ಮರುದಿನ ಆಟ ಹಚ್ಚಿದರೆ ಲೋಟಗಳೆಲ್ಲ ಮತ್ತೆ ಮೂಲೆಯಲ್ಲಿ. ಬೇರೆ ಯಾರಾದರೂ ಯಂತ್ರದ ದೋಷ ಎನ್ನುತ್ತಿದ್ದರು. ಸಂಜೀವಣ್ಣ "ಕುಡಿದಿದ್ದಾರೆ" ಎಂದು ತೃಪ್ತಿಯಿಂದ ಮತ್ತೆ ಇಡತೊಡಗಿದರು.

ತಿಂಗಳಿಗೊಮ್ಮೆ ಮೈಕಿನ ಮುಂದೆ ಅವರ ಅನಿಸಿಕೆ. "ಆ ಹೊಟೇಲಿಗೆ ಒಂದೇ ಬಾಗಿಲು. ಗಿರಾಕಿ ಬರುವಲ್ಲಿಯೇ ಕಸ ಹೋಗ್ಬೇಕು. ಸರಿಯಲ್ಲ." ಇನ್ನೊಂದು ತಿಂಗಳು, "ಕೈ ತೊಳೀಲಿಕ್ಕೆ ಜಾಗವೇ ಇಲ್ಲ. ಎಲ್ಲರೂ ಕತ್ತಿ ಹಿಡಿದ ಕೈಯಲ್ಲೇ ತಿನ್ನುವುದು." ಮತ್ತೊಂದು ತಿಂಗಳು, ಬಲಗೈ ಎತ್ತಿ ನಾಲ್ಕು ಬೆರಳು ಬಿಡಿಸಿ ತೋರಿಸುತ್ತ, "ಒಂದು ಕೈಯಲ್ಲಿ ನಾಲ್ಕು ಲೋಟ ಹಿಡಿಯುವ ಬಟನ್ ಇಲ್ಲ. ಇದನ್ನು ಮಾಡಿದವರು ಹೊಟೇಲಿನಲ್ಲಿ ಒಂದು ದಿನ ಕೂಡ ಕೆಲಸ ಮಾಡಿದವರಲ್ಲ." ಸಭೆ ಚಪ್ಪಾಳೆ ಹೊಡೆಯಿತು. ನಮ್ಮ ಹನ್ನೆರಡರಲ್ಲಿ ಐವರು ಹೊಟೇಲಿನವರೇ. ಅಡುಗೆಮನೆಯ ಬಾಗಿಲು ಯಾವ ಕಡೆ ಇರಬೇಕಿತ್ತು ಎಂಬ ಚರ್ಚೆ ಚಹಾ ಆರುವವರೆಗೂ ನಡೆಯಿತು. "ಅದೆಲ್ಲ ಇರಲಿ ಸಂಜೀವ, ಆ ಪ್ರಾಣಿಯ ಗತಿ ಏನಾಯಿತು?" ಎಂದು ಟೀಚರ್ ಕೇಳಿದರೆ, "ಅದು ಮೇಲೆ ಉಂಟು ಟೀಚರ್, ಅದರಷ್ಟಕ್ಕೆ ಅದು" ಎಂದರು.

ಎಂಟನೆಯ ತಿಂಗಳಿಗೆ ಗೊಣಗಾಟ ಶುರುವಾಯಿತು. ಅದೇ ಹೊಟೇಲು, ಅದೇ ನೀರು. ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ಆ ಸಲ ಅಧ್ಯಕ್ಷತೆ ಸಂಜೀವಣ್ಣನದೇ ಎಂದು ಮೊದಲೇ ತೀರ್ಮಾನವಾಗಿತ್ತು. ಒಂದು ಆಟವನ್ನೂ ಮುಗಿಸದವರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸುವುದು ಹೇಗೆ ಎಂದು ಕೆಲವರು ನನ್ನ ನಿಯಮವನ್ನು ನನಗೇ ತೋರಿಸಿದರು. ಅದೇ ಹೊತ್ತಿಗೆ ಸಂಜೀವಣ್ಣ ಸೊಸೆಯ ಮದುವೆಗೆ, ಅಂದರೆ ಆ ತಂಗಿಯ ಮಗಳ ಮದುವೆಗೆ, ಊರಿಗೆ ಹೊರಟರು. ಹೋಗುವ ಮೊದಲು ಯಂತ್ರವನ್ನು ಎರಡು ಟವೆಲಿನಲ್ಲಿ ಸುತ್ತಿ ನಮ್ಮ ಮನೆಗೆ ತಂದರು.

"ದಿನಕ್ಕೊಮ್ಮೆ ಎಲ್ಲರಿಗೂ ನೀರಿಡಿ ಸೆಕ್ರೆಟ್ರಿಯವ್ರೇ, ಬೇರೆ ಎಂತದೂ ಬೇಡ" ಎಂದರು, ಕುಂಡದ ತುಳಸಿ ಒಪ್ಪಿಸುವವರ ಹಾಗೆ. "ಮೂಲೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮೊದಲು ಅವರಿಗೆ. ಉಳಿದವರೆಲ್ಲ ಏನಾದ್ರೂ ಹೇಳ್ತಾರೆ, ಅವರು ಬಾಯಿ ಬಿಡುವುದಿಲ್ಲ. ಕರೆಯದವರನ್ನು ನಾವೇ ನೋಡ್ಬೇಕು."

ಮೊದಲ ದಿನ ನಾಲ್ಕು ಲೋಟ ಇಟ್ಟೆ, ಎರಡು ಬೀಳಿಸಿದೆ, ಬೇಸರ ಬಂತು. ಎರಡನೆಯ ದಿನ ಉಪಕಾರ ಮಾಡುವ ಹುಚ್ಚು ಹಿಡಿಯಿತು. ಇವರ ಪರವಾಗಿ ಡ್ರ್ಯಾಗನ್ನನ್ನು ನಾನೇ ಕೊಂದುಬಿಟ್ಟರೆ ಆಟ ಮುಗಿಯುತ್ತದೆ, ಅಧ್ಯಕ್ಷತೆಗೆ ಅಡ್ಡಿ ಇರುವುದಿಲ್ಲ, ನನ್ನ ನಿಯಮವೂ ಉಳಿಯುತ್ತದೆ. ಒಂದೂ ಆಟ ಆಡದ ನನಗೆ ಕೊಲ್ಲಲು ಬರುತ್ತದೆಯೇ ಎಂಬ ಯೋಚನೆ ಕೂಡ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬೆಟ್ಟ ಹತ್ತಿದೆ. ಆಗ ಗೊತ್ತಾದದ್ದು ಒಂದು ಸಂಗತಿ. ಆ ಆಟದಲ್ಲಿ ನಾಯಕ ಎಷ್ಟು ಭಾರ ಹೊರುತ್ತಾನೋ ಅಷ್ಟು ಅವನ ತೋಳಿನ ಬಲ ಏರುತ್ತದೆ. ಎಂಟು ತಿಂಗಳು ನೀರು ಹೊತ್ತ ಸಂಜೀವಣ್ಣನ ನಾಯಕನ ಬಲ, ಏರಲು ಇನ್ನು ಜಾಗವಿಲ್ಲದಷ್ಟು ಏರಿತ್ತು. ಡ್ರ್ಯಾಗನ್ ರೆಕ್ಕೆ ಬಿಚ್ಚಿ, ಆಕಾಶವೆಲ್ಲ ಕೆಂಪು ಮಾಡಿ ಎದುರು ಬಂತು. ಕತ್ತಿ ಹಿಡಿಯುವ ಬಟನ್ ಹುಡುಕುತ್ತ ನಾನು ಯಾವುದನ್ನೋ ಒತ್ತಿದೆ. ತಂಗುಮನೆಯಿಂದ ಕೈಯಲ್ಲೇ ಉಳಿದು ಬಂದಿದ್ದ ಹೂಜಿಯಿಂದ ಒಂದು ಏಟು ಬಿತ್ತು. ಡ್ರ್ಯಾಗನ್ ಸತ್ತುಹೋಯಿತು.

ನಾನು ಸೋಫಾದ ಮೇಲೆ ನಿಂತು ಕೂಗಿದೆ. ಹೆಂಡತಿ ಜಿರಳೆ ಬಂತೆಂದು ಪೊರಕೆ ಹಿಡಿದು ಓಡಿಬಂದಳು. ಇಬ್ಬರೂ ನೋಡುತ್ತಿದ್ದಂತೆ ಡ್ರ್ಯಾಗನ್ನಿನ ಹೆಣ ಬೆಟ್ಟದಿಂದ ಉರುಳಿ ಊರ ಮೇಲೆ ಬಿತ್ತು. ಕತೆ ಬರೆದವರು ಹಾಗೇ ಬರೆದಿದ್ದರು. ತಂಗುಮನೆಗೆ ಬೆಂಕಿ ಹತ್ತಿತು. ಒಳಗಿದ್ದವರು ಎದ್ದುಬಿದ್ದು ಹೊಳೆಯ ದಡದ ದೋಣಿಗಳತ್ತ ಓಡಿದರು. ಸಂಗೀತ ಬಂತು, ಕೆಲಸ ಮಾಡಿದವರ ಹೆಸರುಗಳು ಬಂದವು. ಗಾಬರಿಯಿಂದ ಮತ್ತೆ ಹಚ್ಚಿದರೆ ತಂಗುಮನೆಯ ಜಾಗದಲ್ಲಿ ಬೂದಿ. ಆ ಆಟದಲ್ಲಿ ಕತೆ ಮುಗಿದ ಮೇಲೆ ಹಿಂದಕ್ಕೆ ಹೋಗಲು ದಾರಿಯೇ ಇರಲಿಲ್ಲ, ಬೇಕಾದರೆ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕು. "ಅವರ ಹೊಟೇಲು ಸುಟ್ಟುಬಿಟ್ಟಿರಾ?" ಎಂದಳು ಹೆಂಡತಿ. ಆ ಮಾತು ಕೇಳಿದ ಮೇಲೆಯೇ ನೀಲಿ ತಗಡಿನ ನೆನಪಾದದ್ದು.

ಊರಿಂದ ಬಂದ ಸಂಜೀವಣ್ಣ ಹಲಸಿನ ಹಪ್ಪಳದ ಕಟ್ಟು ಹಿಡಿದು ಮನೆಗೆ ಬಂದರು. ಗೆದ್ದ ಸುದ್ದಿಯನ್ನು ಆದಷ್ಟು ಉತ್ಸಾಹದಿಂದ ಹೇಳಿದೆ. ಅವರು ಟಿವಿಯ ಮುಂದೆ ನಿಂತು ಬೂದಿಯನ್ನು ತುಂಬ ಹೊತ್ತು ನೋಡಿದರು.

"ಹೋಗುವ ಮೊದಲು ಅವರಿಗೆ ನೀರು ಕೊಟ್ಟಿದ್ರಾ?"

"ಕೊಟ್ಟಿದ್ದೆ" ಎಂದೆ.

"ಎಲ್ಲರಿಗೂ?"

"ಎಲ್ಲರಿಗೂ."

ಅವರು ತಲೆಯಾಡಿಸಿದರು. "ನಾನು ಊರಿಗೆ ಹೋದಾಗಲೇ ಇದೆಲ್ಲ ಆಗುವುದು ನೋಡಿ" ಎಂದರು. ಸಿಟ್ಟು ಮಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಾಡಲಿಲ್ಲ. ಯಂತ್ರ ನಿಮ್ಮಲ್ಲೇ ಇರಲಿ ಎಂದು ಹೇಳಿ, ಹಪ್ಪಳ ಕೊಟ್ಟು, ಹೊರಟುಹೋದರು. ಆ ಹಪ್ಪಳವನ್ನು ನನ್ನಿಂದ ತಿನ್ನಲಾಗಲಿಲ್ಲ.

ಮರುದಿನ ಕಚೇರಿಯಿಂದ ಬಂದವನೇ ಆಟವನ್ನು ಮೊದಲಿನಿಂದ ಶುರುಮಾಡಿದೆ. ತಂಗುಮನೆಗೆ ಹೋಗಿ ನೀರಿಡತೊಡಗಿದೆ. ಹದಿನೆಂಟು ಜನಕ್ಕೆ ಮುಕ್ಕಾಲು ಗಂಟೆ ಬೇಕು. ದಿನವೂ. ಮೊದಲ ವಾರ ಪ್ರಾಯಶ್ಚಿತ್ತವೆಂದು ಮಾಡಿದೆ, ಎರಡನೆಯ ವಾರ ಯಾರು ಎಲ್ಲಿ ಕೂರುತ್ತಾರೆಂದು ಗೊತ್ತಾಯಿತು, ಮೂರನೆಯ ವಾರ ಕಚೇರಿಯಲ್ಲಿ ಕೂತಾಗಲೂ ಕೆಂಪು ಗಡ್ಡದವನ ಲೋಟ ತುದಿಯಲ್ಲಿಟ್ಟುಬಿಟ್ಟೆನೇನೋ ಎಂದು ಅನಿಸತೊಡಗಿತು.

ವಾರ್ಷಿಕೋತ್ಸವದ ದಿನ ಸಂಜೀವಣ್ಣ ಹಾರ ಹಾಕಿಕೊಂಡು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದರು. ನನ್ನ ಸರದಿ ಬಂತು. ಈವರೆಗೆ ನಾನು ಹೇಳಿದ ಯಾವ ಆಟವನ್ನೂ ಆಡಿಲ್ಲ, ಆಡಿದ ಒಂದನ್ನು ಕೆಡಿಸಿದೆ, ಅಂದು ನಾನು ಯಾರಿಗೂ ನೀರಿಟ್ಟಿರಲಿಲ್ಲ, ಅಧ್ಯಕ್ಷರ ಎದುರು ಸುಳ್ಳು ಹೇಳಿದೆ, ಈಗ ಹೊಸದಾಗಿ ಶುರುಮಾಡಿ ದಿನವೂ ಹದಿನೆಂಟು ಜನಕ್ಕೂ ನೀರಿಡುತ್ತಿದ್ದೇನೆ ಎಂದು ಮೈಕಿನಲ್ಲಿ ಹೇಳಿ ಕೂತೆ. ಸಭೆಗೆ ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಅರ್ಧ ಜನ ಹೊಡೆದರು.

ಸಂಜೀವಣ್ಣ ಅಧ್ಯಕ್ಷ ಭಾಷಣಕ್ಕೆ ಎದ್ದರು. "ಸೆಕ್ರೆಟ್ರಿಯವರು ಸುಳ್ಳು ಹೇಳಿದ್ದು ನನಗೆ ಆವತ್ತೇ ಗೊತ್ತಾಗಿತ್ತು. ಹದಿನೆಂಟು ಜನಕ್ಕೆ ನೀರಿಟ್ಟು ಬಂದವನ ಸೊಂಟ ಅಷ್ಟು ನೇರ ಇರುವುದಿಲ್ಲ" ಎಂದರು. ಸಭೆ ನಕ್ಕಿತು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ, "ಈಗ ಇಡ್ತಾ ಇದ್ದೀರಲ್ಲ. ಎಡಗಡೆಯಿಂದ ಇಡ್ತೀರೋ, ಬಲಗಡೆಯಿಂದಲೋ? ಭಾನುವಾರ ಬಂದು ನೋಡ್ತೇನೆ" ಎಂದರು. ವಂದನಾರ್ಪಣೆಯಲ್ಲಿ ಟೀಚರ್ ಡ್ರ್ಯಾಗನ್ನಿಗೂ ವಂದಿಸಿದರು.

ಅಲ್ಲಿಂದ ಪ್ರತಿ ಭಾನುವಾರ ಸಂಜೀವಣ್ಣ ಮಾಟುಂಗದಿಂದ ಬೋರಿವಲಿಗೆ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಕೂರಿ ಎಂದರೆ ಕೂರುತ್ತಿರಲಿಲ್ಲ. "ಲೋಟ ಕುಕ್ಕಬೇಡಿ." "ಅಜ್ಜಿಗೆ ಕೊಟ್ರಾ?" "ಸಿಪಾಯಿ ದೊಡ್ಡ ದನಿಯಲ್ಲಿ ಮಾತಾಡ್ತಾನೆ ಅಂತ ಅವನಿಗೆ ಮೊದಲಾ?" ಕಂಟ್ರೋಲರ್ ಮಾತ್ರ ಮುಟ್ಟುತ್ತಿರಲಿಲ್ಲ. ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಇವತ್ತು ಬೆಳ್ಳುಳ್ಳಿ ಮುಗಿಯುವ ಹೊತ್ತಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕ್ಷೌರ ಮಾಡಿದ ಮುಖ. ನೇರವಾಗಿ ಬಂದು ಕಂಟ್ರೋಲರಿಗೆ ಕೈ ಚಾಚಿದರು.

"ಇವತ್ತು ನಾನು ಇಡ್ತೇನೆ. ಇವತ್ತು ಕೊನೆ."

"ಯಾಕೆ ಸಂಜೀವಣ್ಣ? ನಡೀತಾ ಇದೆಯಲ್ಲ" ಎಂದೆ.

"ಎಷ್ಟು ದಿನ ಅಂತ ನಡೆಸುವುದು? ಒಂದು ದಿನ ಮುಚ್ಚಲೇಬೇಕು. ಮುಚ್ಚುವುದಾದ್ರೆ ನಾನು ಇರುವಾಗ ಮುಚ್ಚಲಿ."

ಹದಿನೆಂಟು ಜನಕ್ಕೂ ನೀರಿಟ್ಟರು. ಪ್ರತಿಯೊಬ್ಬರ ಮುಂದೆಯೂ ಒಂದು ಕ್ಷಣ ನಿಂತರು. ಆಮೇಲೆ ಲೋಟಗಳನ್ನು ಒಂದೊಂದೇ ಹಿಂದೆ ತಂದು ಜೋಡಿಸಿದರು. ಖಾಲಿ ಇದ್ದ ಸ್ಟೂಲುಗಳನ್ನು ಮೇಜಿನ ಮೇಲೆ ಮಗುಚಿ ಹಾಕಲು ನೋಡಿದರು. ಆಟ ಒಪ್ಪುವುದಿಲ್ಲ, ಉರುಳಿ ಬೀಳುತ್ತವೆ. ಹನ್ನೆರಡು ಸಲ ಬಿದ್ದವು, ಹದಿಮೂರನೆಯ ಸಲ ನಿಂತವು. ಎದ್ದು ನಮ್ಮ ಸಿಂಕಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು, ಕಂಟ್ರೋಲರನ್ನು ನನಗೆ ಕೊಟ್ಟರು. "ನನ್ನ ಡ್ಯೂಟಿ ಮುಗೀತು. ಇನ್ನು ನೀವು ಹೋಗಿ ಅದನ್ನು ಕೊಂದು ಬನ್ನಿ."

ಕೊಂದು ಬಂದೆ. ಈ ಸಲ ಏಳು ಏಟು ಬೇಕಾಯಿತು. ಬೆಂಕಿ ಹತ್ತಿತು, ಜನ ದೋಣಿಗಳತ್ತ ಓಡಿದರು. ಸಂಜೀವಣ್ಣ ನಿಂತುಕೊಂಡೇ ನೋಡಿದರು. ಕೊನೆಯ ದೋಣಿ ಹೊರಟ ಮೇಲೆ, "ಆಯ್ತು. ಮುಚ್ಚಿತು" ಎಂದು ಸೋಫಾದಲ್ಲಿ ಕೂತು ಅತ್ತರು. ನನಗೂ ಅಳು ಬಂತು. ಹೆಂಡತಿ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವಳು ಒಳಗೆ ಹೋಗಿ ಊಟಕ್ಕೆ ಬಡಿಸಿದಳು.

ಬೆಳ್ಳುಳ್ಳಿ ಒಗ್ಗರಣೆಯ ಸಾರು, ಅನ್ನ, ಬಸಳೆ ಪಲ್ಯ. ಸಂಜೀವಣ್ಣ ನಮ್ಮಲ್ಲಿ ಊಟ ಮಾಡಿದಾಗಲೆಲ್ಲ ಕೈ ಒಣಗುವ ಮೊದಲೇ ಎದ್ದು ಎಲ್ಲರ ತಟ್ಟೆಯನ್ನೂ ಒಂದರ ಮೇಲೊಂದು ಪೇರಿಸಿ ಒಳಗೆ ಒಯ್ಯುವವರು. ಎಷ್ಟು ಬೇಡವೆಂದರೂ ಕೇಳುವವರಲ್ಲ, ಹೆಂಡತಿಗೆ ಅದೊಂದು ಮುಜುಗರ. ಇವತ್ತು ಊಟ ಮುಗಿಸಿ ಗೋಡೆಗೆ ಒರಗಿ, ಕಾಲು ಚಾಚಿ, ಕೂತೇ ಇದ್ದರು. ಅವರ ತಟ್ಟೆಯನ್ನು ನಾನು ಎತ್ತಿದೆ.